ಮಾರಾಟಕ್ಕೆ ಮುನ್ನ ಎಳೆಯ ರೇಸ್ ಕುದುರೆಯ ಗಂಟಲು ಪರೀಕ್ಷೆ: ನೋಡುವ ಕ್ರಮ, ಬರೆಯುವ ಕ್ರಮ

ಹರಾಜಿಗೆ ಬಂದ ಎಳೆಯ ಥರೋಬ್ರೆಡ್ ಕುದುರೆಯ ಮೈಕಟ್ಟು, ಕಾಲುಗಳ ನಿಲುವು, ನಡಿಗೆ ಇವನ್ನೆಲ್ಲ ಅನುಭವವಿರುವ ಖರೀದಿದಾರರು ತಮ್ಮ ಕಣ್ಣಿನಿಂದಲೇ ಅಳೆಯಬಲ್ಲರು. ಅವರ ಕಣ್ಣಿಗೆ ಸಿಗದೆ ಉಳಿಯುವುದು ಉಸಿರಿನ ದಾರಿ. ಮೂಗಿನ ಹೊಳ್ಳೆಯಿಂದ ಶ್ವಾಸನಾಳದವರೆಗಿನ ಆ ದಾರಿಯನ್ನು ಎಂಡೋಸ್ಕೋಪಿನಿಂದ (ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ಕೊಳವೆಯಿಂದ) ನೋಡಿ, ಕಂಡದ್ದನ್ನು ದಾಖಲಿಸುವ ಕೆಲಸವನ್ನು ಲಾಯಗಳಲ್ಲಿ ‘ಸ್ಕೋಪ್ ಮಾಡುವುದು’ ಎನ್ನುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುತ್ತಿರುವ ಪಶುವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆದಿದ್ದೇನೆ. ಕುದುರೆಯ ಪಕ್ಕದಲ್ಲಿ ನಿಂತು ಪರದೆಯನ್ನು ನೋಡುವ ಮಾಲೀಕರಿಗೂ ಖರೀದಿದಾರರಿಗೂ ಇದು ಉಪಯೋಗವಾದೀತು. ಬರಹದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು: ನಿಂತ ಕುದುರೆಯ ಗಂಟಲಿನಲ್ಲಿ ಕಂಡದ್ದನ್ನು ಮೊದಲು ವಿವರವಾಗಿ ಬರೆಯಬೇಕು, ದರ್ಜೆಯ ಅಂಕಿಯನ್ನು ಅದರ ನಂತರ ಕೊಡಬೇಕು, ಕಾಣದೇ ಇದ್ದುದನ್ನು ಊಹಿಸಿ ಸೇರಿಸಬಾರದು.

ಏಕೆ ಗಂಟಲು

ಕುದುರೆ ಬಾಯಿಯಿಂದ ಉಸಿರಾಡುವುದಿಲ್ಲ. ಅದರ ಮೃದು ಅಂಗುಳವು ಎಪಿಗ್ಲಾಟಿಸಿನ (ಧ್ವನಿಪೆಟ್ಟಿಗೆಯ ಬಾಯಿಯ ಮುಂದಿರುವ ಎಲೆಯಂಥ ಮುಚ್ಚಳದ) ಬುಡಕ್ಕೆ ಬಿಗಿಯಾಗಿ ಹೊಂದಿಕೊಂಡು ಕೂತು ಬಾಯಿಯ ದಾರಿಯನ್ನು ಉಸಿರಿನ ದಾರಿಯಿಂದ ಬೇರ್ಪಡಿಸಿರುತ್ತದೆ. ಆದ್ದರಿಂದ ಒಳಹೋಗುವ ಗಾಳಿಯೆಲ್ಲ ಮೂಗಿನ ಮೂಲಕವೇ ಹೋಗಬೇಕು. ಪೂರ್ಣ ವೇಗದ ಓಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದು ಉಸಿರಿನಂತೆ ನಿಮಿಷಕ್ಕೆ 120ಕ್ಕೂ ಹೆಚ್ಚು ಸಲ ಉಸಿರಾಡುತ್ತದೆ, ಆ ಒಂದು ನಿಮಿಷದಲ್ಲಿ 1,500 ಲೀಟರಿಗೂ ಮೀರಿದ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ಇಷ್ಟು ರಭಸದಿಂದ ಎಳೆದುಕೊಳ್ಳುವ ಗಾಳಿಯು ದಾರಿಯಲ್ಲಿ ಸಡಿಲವಾಗಿರುವ ಯಾವುದೇ ಅಂಗಾಂಶವನ್ನೂ ಒಳಕ್ಕೆ ಸೆಳೆಯುತ್ತದೆ. ಧ್ವನಿಪೆಟ್ಟಿಗೆಯ ಎರಡು ಬದಿಗಳಲ್ಲಿ ಬಾಗಿಲ ರೆಕ್ಕೆಗಳಂತೆ ನಿಂತಿರುವ ಅರಿಟಿನಾಯ್ಡ್ ಮೃದ್ವಸ್ಥಿಗಳು ಹೊರಕ್ಕೆ ತೆರೆದು, ತೆರೆದ ಸ್ಥಿತಿಯಲ್ಲೇ ಗಟ್ಟಿಯಾಗಿ ನಿಂತರೆ ಮಾತ್ರ ಕುದುರೆಗೆ ಬೇಕಾದಷ್ಟು ಗಾಳಿ ಸಿಗುತ್ತದೆ.

ಅವುಗಳನ್ನು ತೆರೆಯುವ ಸ್ನಾಯುವಿನ ಹೆಸರು ಕ್ರೈಕೋಅರಿಟಿನಾಯ್ಡಿಯಸ್ ಡಾರ್ಸಾಲಿಸ್. ಅದಕ್ಕೆ ಆಜ್ಞೆ ಒಯ್ಯುವುದು ರಿಕರೆಂಟ್ ಲ್ಯಾರಿಂಜಿಯಲ್ ನರ. ಬಲಗಡೆಯ ನರ ಕತ್ತಿನ ಬುಡದ ರಕ್ತನಾಳವೊಂದನ್ನು ಸುತ್ತಿ ಮೇಲಕ್ಕೆ ಮರಳುತ್ತದೆ. ಎಡಗಡೆಯದು ಎದೆಯೊಳಕ್ಕೆ ಇಳಿದು, ಮಹಾಅಪಧಮನಿಯನ್ನು ಸುತ್ತಿ, ಮತ್ತೆ ಕತ್ತಿನುದ್ದಕ್ಕೂ ಏರಿ ಗಂಟಲನ್ನು ಸೇರುತ್ತದೆ. ದೊಡ್ಡ ಕುದುರೆಯಲ್ಲಿ ಮೆದುಳಿನಿಂದ ಗಂಟಲಿನವರೆಗಿನ ಈ ಸುತ್ತುದಾರಿ 2 ಮೀಟರನ್ನೂ ದಾಟುತ್ತದೆ. ಈ ಉದ್ದನೆಯ ನರದ ತುದಿ ಕ್ರಮೇಣ ಸವೆದು ಸ್ನಾಯು ಸೊರಗುವ ಸ್ಥಿತಿಯೇ ರಿಕರೆಂಟ್ ಲ್ಯಾರಿಂಜಿಯಲ್ ನ್ಯೂರೋಪಥಿ. ಇದು ಬಹುಪಾಲು ಎಡಗಡೆಗೇ ಬರುವುದು, ಎತ್ತರದ ಕುದುರೆಗಳಲ್ಲಿ ಹೆಚ್ಚಾಗಿ ಕಾಣಿಸುವುದು ಈ ಕಾರಣದಿಂದಲೇ. ಓಟದಲ್ಲಿ ಉಸಿರೆಳೆದಾಗ ಕೇಳಿಬರುವ ಗೊರಗೊರ ಅಥವಾ ಸೀಟಿಯಂಥ ಸದ್ದಿನಿಂದ ಇಂಥ ಕುದುರೆಗೆ ‘ರೋರರ್’ ಎಂಬ ಹೆಸರು ಬಂತು. ಮಾರಾಟಕ್ಕೆ ಮುಂಚಿನ ಪರೀಕ್ಷೆಯ ಬಹುಪಾಲು ಗಮನ ಈ ಎಡ ಅರಿಟಿನಾಯ್ಡಿನ ಮೇಲೆಯೇ ಇರುತ್ತದೆ.

ಸ್ಕೋಪ್ ಹಾಕುವುದಕ್ಕೆ ಮೊದಲು

ಮೊದಲು ಕುದುರೆಯ ಗುರುತನ್ನು ಖಚಿತಪಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿರುವ ಬಣ್ಣ, ಗುರುತುಗಳು ಮತ್ತು ಮೈಕ್ರೋಚಿಪ್ ಸಂಖ್ಯೆ ಮುಂದೆ ನಿಂತಿರುವ ಕುದುರೆಗೆ ಹೊಂದುತ್ತವೆಯೇ ಎಂದು ನೋಡದೆ ಮಾಡಿದ ಪರೀಕ್ಷೆ ಎಷ್ಟೇ ಸೊಗಸಾಗಿದ್ದರೂ ನಿಷ್ಪ್ರಯೋಜಕ. ನಂತರ ನೋಡಿಕೊಳ್ಳುವವರನ್ನು ಕೇಳಿ: ಇತ್ತೀಚೆಗೆ ಕೆಮ್ಮಿತ್ತೇ, ಮೂಗಿನಿಂದ ಕೀವು ಸುರಿದಿತ್ತೇ, ದೂರ ಪ್ರಯಾಣವಾಗಿದೆಯೇ, ಗಂಟಲಿಗೆ ಶಸ್ತ್ರಚಿಕಿತ್ಸೆ ಏನಾದರೂ ಆಗಿದೆಯೇ, ಕತ್ತಿನ ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್ ಊತ ಬರಿಸಿತ್ತೇ. ಕೊನೆಯ ಪ್ರಶ್ನೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ರಕ್ತನಾಳದ ಹೊರಕ್ಕೆ ಸೋರಿದ ಖಾರವಾದ ಔಷಧಿ ಪಕ್ಕದಲ್ಲೇ ಹಾದುಹೋಗುವ ನರವನ್ನು ಕೆಡಿಸಬಲ್ಲದು, ಹಾಗಾಗಿ ಉತ್ತರ ಹೌದೆಂದಾದರೆ ನಂತರ ಕಾಣುವ ಚಿತ್ರದ ಅರ್ಥವೇ ಬದಲಾಗಬಹುದು.

ಶಮನಕಾರಿ ಔಷಧಿಯನ್ನು ಕೊಡಬಾರದು. ಕ್ಸೈಲಜೀನ್, ಡೆಟೊಮಿಡೀನ್ ಮುಂತಾದವು ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಅರಿಟಿನಾಯ್ಡ್‌ಗಳ ಚಲನೆ ಮಂದವಾಗುತ್ತದೆ, ಮೃದು ಅಂಗುಳ ಸುಲಭವಾಗಿ ಜಾರುತ್ತದೆ, ಆರೋಗ್ಯವಂತ ಕುದುರೆ ದೋಷವುಳ್ಳದ್ದರಂತೆ ಕಾಣುತ್ತದೆ. ಔಷಧಿಯಿಲ್ಲದೆ ಕುದುರೆ ಯಾವ ರೀತಿಯಲ್ಲೂ ನಿಲ್ಲುವುದಿಲ್ಲ ಎಂದಾದರೆ ಪರೀಕ್ಷೆಯನ್ನು ಮುಂದೂಡುವುದು ಉತ್ತಮ. ಅದೂ ಸಾಧ್ಯವಾಗದಿದ್ದರೆ ಯಾವ ಔಷಧಿಯನ್ನು ಎಷ್ಟು ಕೊಡಲಾಯಿತು ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆದು, ಚಲನೆಗೆ ದರ್ಜೆ ಕೊಡದೆ ಬಿಡಬೇಕು.

ಮೇವು ತಿಂದ ಕೂಡಲೇ ಪರೀಕ್ಷಿಸಿದರೆ ಗಂಟಲಲ್ಲಿ ಹುಲ್ಲಿನ ಚೂರುಗಳೇ ತುಂಬಿರುತ್ತವೆ, ಆದ್ದರಿಂದ ಬಾಯಿ ಖಾಲಿಯಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಶುರುಮಾಡಿ. ನೆಲ ಜಾರದಂತಿರಬೇಕು, ಬೆಳಕು ಪರದೆಯ ಮೇಲೆ ಬೀಳದಂತಿರಬೇಕು, ಕುದುರೆಯ ಹಿಂಭಾಗಕ್ಕೆ ಗೋಡೆಯ ಆಸರೆ ಇದ್ದರೆ ಇನ್ನೂ ಒಳ್ಳೆಯದು. ತಲೆ ಹಿಡಿಯಲು ಒಬ್ಬರು, ಸ್ಕೋಪಿನ ಕೊಳವೆಯನ್ನು ತಳ್ಳಲು ಒಬ್ಬರು, ತುದಿಯನ್ನು ತಿರುಗಿಸುತ್ತಾ ಪರದೆ ನೋಡಲು ಒಬ್ಬರು, ಹೀಗೆ ಮೂವರು ಬೇಕು. ಯಾರೂ ಮುಂಗಾಲುಗಳ ನೇರಕ್ಕೆ ನಿಲ್ಲಬಾರದು. ಎಳೆಯ ಕುದುರೆ ಬೆದರಿದಾಗ ಮುಂಗಾಲನ್ನು ಎಸೆಯುವ ವೇಗಕ್ಕೆ ಮನುಷ್ಯನ ಪ್ರತಿಕ್ರಿಯೆ ಸಾಲದು. ಅಗತ್ಯವಿದ್ದರೆ ಮೇಲ್ದುಟಿಗೆ ಟ್ವಿಚ್ (ತುಟಿಯನ್ನು ಬಿಗಿಯಾಗಿ ಹಿಡಿದು ಕುದುರೆಯನ್ನು ನಿಲ್ಲಿಸುವ ಸಾಧನ) ಹಾಕಬಹುದು, ಆದರೆ ಮೊದಲ ಉಪಾಯವಾಗಿ ಅಲ್ಲ. ಕುತ್ತಿಗೆಯನ್ನು ತುಂಬ ಬಗ್ಗಿಸಿ ಗದ್ದವನ್ನು ಎದೆಯ ಕಡೆಗೆ ಒತ್ತಿ ಹಿಡಿದರೆ ಗಂಟಲು ಇಕ್ಕಟ್ಟಾಗಿ ಕಾಣುತ್ತದೆ. ತಲೆ ತನ್ನ ಸಹಜ ಎತ್ತರದಲ್ಲಿ, ಸಹಜ ಕೋನದಲ್ಲಿ ಇರಲಿ.

ಸ್ಕೋಪ್ ಕೈಗೆತ್ತಿಕೊಳ್ಳುವ ಮುನ್ನ ಗಂಟಲನ್ನು ಹೊರಗಿನಿಂದ ಕೈಯಿಂದ ಮುಟ್ಟಿ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಎರಡೂ ಕೈಗಳ ತೋರುಬೆರಳುಗಳನ್ನು ಧ್ವನಿಪೆಟ್ಟಿಗೆಯ ಎರಡು ಬದಿಗಳಲ್ಲಿ ಮೇಲಕ್ಕೆ ಸರಿಸಿದಾಗ ಅರಿಟಿನಾಯ್ಡಿನ ಮೇಲ್ತುದಿಯ ಉಬ್ಬು ಸಿಗುತ್ತದೆ. ಅದರ ಮೇಲಿನ ಸ್ನಾಯು ಸೊರಗಿದ್ದರೆ ಎಡಗಡೆಯ ಉಬ್ಬು ಬಲಗಡೆಯದಕ್ಕಿಂತ ಚೂಪಾಗಿ ಬೆರಳಿಗೆ ತಾಗುತ್ತದೆ. ಅದೇ ಹೊತ್ತಿಗೆ ಗಂಟಲಿನ ಕೆಳಭಾಗದಲ್ಲಿ ಮತ್ತು ಎಡಪಕ್ಕದಲ್ಲಿ ಹಳೆಯ ಹೊಲಿಗೆಯ ಗುರುತು, ಬೋಳಿಸಿದ ಕೂದಲು, ಗಟ್ಟಿಯಾದ ಚರ್ಮ ಇವೆಯೇ ಎಂದು ನೋಡಿ.

ಒಳಗೆ ಹೋಗುವುದು

ನಿಂತ ಕುದುರೆಯ ಗಂಟಲು ನೋಡಲು ಸುಮಾರು 1 ಮೀಟರ್ ಉದ್ದದ, ಬೆರಳಿಗಿಂತ ದಪ್ಪವಲ್ಲದ ಸ್ಕೋಪ್ ಸಾಕು. ತುದಿಯನ್ನು ನೀರಿನಿಂದಲೋ ನೀರಿನಲ್ಲಿ ಕರಗುವ ಜೆಲ್ಲಿನಿಂದಲೋ ಒದ್ದೆ ಮಾಡಿ. ಜೆಲ್ ಮಸೂರಕ್ಕೆ ಅಂಟದಿರಲಿ. ಕೊಳವೆ ತಳ್ಳುವವರು ಕುದುರೆಯ ತಲೆಯ ಪಕ್ಕದಲ್ಲಿ ನಿಂತು, ಒಂದು ಕೈಯನ್ನು ಮೂಗಿನ ದಂಡೆಯ ಮೇಲಿರಿಸಿ, ಹೊಳ್ಳೆಯ ಅಂಚಿಗೆ ಹೆಬ್ಬೆರಳಿನಿಂದ ಕೊಳವೆಯನ್ನು ಒತ್ತಿ ಹಿಡಿಯಬೇಕು. ಆಗ ಕುದುರೆ ತಲೆ ಎತ್ತಿದರೂ ಕೊಳವೆ ಅದರ ಜೊತೆಗೇ ಚಲಿಸುತ್ತದೆ, ಒಳಗೆ ಗೀರುವುದಿಲ್ಲ.

ದಾರಿ ಯಾವಾಗಲೂ ಕೆಳಗೆ ಮತ್ತು ಮೂಗಿನ ನಡುಗೋಡೆಯ ಕಡೆಗೆ. ಮೂಗಿನ ತಳಭಾಗದ ಓಣಿಯಲ್ಲೇ ಸಾಗಿದರೆ ಕುದುರೆ ಅಷ್ಟಾಗಿ ಪ್ರತಿಭಟಿಸುವುದಿಲ್ಲ. ತುದಿ ಮೇಲಕ್ಕೆ ಹೋಗಿ ಮೂಗಿನ ಹಿಂಭಾಗದ ಎತ್ಮಾಯ್ಡ್ ಎಂಬ ನವಿರಾದ ಎಲುಬಿನ ಸುರುಳಿಗಳಿಗೆ ತಗುಲಿದರೆ ಧಾರಾಳವಾಗಿ ರಕ್ತ ಸುರಿಯುತ್ತದೆ, ಆಮೇಲೆ ಆ ದಿನ ಏನೂ ಸರಿಯಾಗಿ ಕಾಣುವುದಿಲ್ಲ. ಯಾವ ಹೊಳ್ಳೆಯಿಂದ ಒಳಹೋಗುತ್ತೀರಿ ಎಂಬುದರಲ್ಲಿ ಒಂದೇ ಪದ್ಧತಿಯನ್ನು ಇಟ್ಟುಕೊಳ್ಳಿ. ಒಂದು ಪಕ್ಕದಿಂದ ನೋಡುವಾಗ ಚಿತ್ರ ಸ್ವಲ್ಪ ಓರೆಯಾಗಿರುತ್ತದೆ, ಆ ಓರೆಯನ್ನೇ ಅಸಮತೆ ಎಂದು ಭ್ರಮಿಸುವ ಅಪಾಯವಿದೆ. ಅನುಮಾನ ಬಂದಾಗ ಇನ್ನೊಂದು ಹೊಳ್ಳೆಯಿಂದಲೂ ನೋಡಿ, ಹಾಗೆ ನೋಡಿದ್ದನ್ನು ದಾಖಲಿಸಿ.

ತುದಿ ಗಂಟಲಕುಳಿಗೆ ತಲುಪಿದ ಕೂಡಲೇ ಅಲ್ಲಿಯೇ ನಿಲ್ಲಿ. ಧ್ವನಿಪೆಟ್ಟಿಗೆ ಪೂರ್ತಿಯಾಗಿ ಚಿತ್ರದ ಚೌಕಟ್ಟಿನೊಳಗೆ ಬರುವಷ್ಟು ದೂರದಲ್ಲಿದ್ದು, ಕುದುರೆ ಕೊಳವೆಗೆ ಒಗ್ಗಿಕೊಳ್ಳಲು ಕೆಲವು ಉಸಿರುಗಳಷ್ಟು ಸಮಯ ಕೊಡಿ. ಹರಾಜಿನ ಆವರಣದ ಗಡಿಬಿಡಿಯಲ್ಲಿ ಈ ನಿಲುಗಡೆಯೇ ಮೊದಲು ಬಲಿಯಾಗುತ್ತದೆ. ಬೆದರಿದ ಮೊದಲ ಕ್ಷಣಗಳ ಚಿತ್ರವನ್ನು ನಂಬಿ ತೀರ್ಮಾನಿಸುವುದು ಕುದುರೆಗೂ ಮಾಲೀಕರಿಗೂ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಪೂರ್ತಿ ತೆರೆಯುವಂತೆ ಮಾಡುವುದು

ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಸುಮ್ಮನೆ ನಿಂತಿರುವ ಕುದುರೆಗೆ ಹೆಚ್ಚು ಗಾಳಿ ಬೇಕಿಲ್ಲ, ಆದ್ದರಿಂದ ಅದರ ಅರಿಟಿನಾಯ್ಡ್‌ಗಳು ಅರೆತೆರೆದೇ ಇರುತ್ತವೆ. ಆ ಸ್ಥಿತಿಯಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಕೊಂಚ ಒಳಗಿದ್ದರೂ ಅಥವಾ ಒಂದು ಗಳಿಗೆ ತಡವಾಗಿ ಚಲಿಸಿದರೂ ಅದೊಂದೇ ದೋಷವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ಎಡ ಅರಿಟಿನಾಯ್ಡ್ ಬಲಗಡೆಯದಷ್ಟೇ ಪೂರ್ತಿಯಾಗಿ ತೆರೆಯಬಲ್ಲುದೇ? ತೆರೆದ ಮೇಲೆ ಹಾಗೆಯೇ ನಿಲ್ಲಬಲ್ಲುದೇ? ಇವಕ್ಕೆ ಉತ್ತರ ಸಿಗಬೇಕಾದರೆ ಕುದುರೆಯೇ ಗಂಟಲನ್ನು ಪೂರ್ತಿ ತೆರೆಯುವಂತೆ ನಾವು ಪ್ರೇರೇಪಿಸಬೇಕು.

ಮೊದಲನೆಯ ವಿಧಾನ ನುಂಗಿಸುವುದು. ಸ್ಕೋಪಿನ ನಾಳದ ಮೂಲಕ ಸ್ವಲ್ಪ ನೀರನ್ನು ಗಂಟಲಿಗೆ ಸಿಂಪಡಿಸಿದರೆ ಕುದುರೆ ನುಂಗುತ್ತದೆ. ಒಂದು ಕ್ಷಣ ಪರದೆಯೆಲ್ಲ ಬಿಳಿಯಾಗಿ, ಅಂಗಾಂಶಗಳು ಮುಚ್ಚಿಕೊಂಡು, ಮರುಕ್ಷಣದಲ್ಲೇ ಧ್ವನಿಪೆಟ್ಟಿಗೆ ಅಗಲವಾಗಿ ತೆರೆಯುತ್ತದೆ. ನೋಡಬೇಕಾದ್ದು ಈ ತೆರೆಯುವ ಗಳಿಗೆಯನ್ನು ಮತ್ತು ಅದರ ಹಿಂದೆಯೇ ಬರುವ ಎರಡು ಮೂರು ಸೆಕೆಂಡುಗಳನ್ನು. ಆರೋಗ್ಯವಂತ ಗಂಟಲಿನಲ್ಲಿ ಎರಡೂ ಬದಿಗಳು ಒಟ್ಟಿಗೆ ಹೊರಕ್ಕೆ ಸರಿದು ಅಲ್ಲಿಯೇ ನಿಂತು, ನಂತರ ಒಟ್ಟಿಗೇ ನಿಧಾನವಾಗಿ ಸಡಿಲಗೊಳ್ಳುತ್ತವೆ. ನರ ಸೊರಗಿದ ಗಂಟಲಿನಲ್ಲಿ ಬಲ ಅರಿಟಿನಾಯ್ಡ್ ಗಂಟಲಕುಳಿಯ ಗೋಡೆಗೆ ತಾಗುವಂತೆ ಸರಿದು ಅಲುಗಾಡದೆ ನಿಂತರೆ, ಎಡಗಡೆಯದು ಅದರ ಹಿಂದೆಯೇ ಅಷ್ಟೇ ದೂರ ಹೋದರೂ ತುದಿಯಲ್ಲಿ ಸಣ್ಣಗೆ ನಡುಗಿ, ಬಲಗಡೆಯದು ಇನ್ನೂ ತೆರೆದಿರುವಾಗಲೇ ಮಧ್ಯರೇಖೆಯ ಕಡೆಗೆ ಜಾರಿಕೊಳ್ಳುತ್ತದೆ. ಈ ಜಾರುವಿಕೆ ಕಣ್ಣಿಗೆ ಬೀಳದೆ ಹೋದರೆ, ನುಂಗಿದ ನಂತರ ಪೂರ್ತಿ ತೆರೆಯಿತು ಎಂದು ನೀವು ಬರೆದುಬಿಡುತ್ತೀರಿ. ಬರೆದದ್ದು ಸುಳ್ಳಲ್ಲ, ಆದರೆ ಅದರಿಂದ ತಪ್ಪು ಅರ್ಥ ಹುಟ್ಟುತ್ತದೆ. ಒಂದೇ ಸಲ ನುಂಗಿಸಿ ಮುಗಿಸಬೇಡಿ. ಹಲವು ಸಲ ನುಂಗಿಸಿ, ಪ್ರತಿ ಸಲವೂ ಅದೇ ಚಲನೆ ಕಾಣುತ್ತದೆಯೇ ಎಂದು ಗಮನಿಸಿ.

ಎರಡನೆಯದು ಎರಡೂ ಹೊಳ್ಳೆಗಳನ್ನು ಕೈಯಿಂದ ಮುಚ್ಚುವುದು. 30ರಿಂದ 60 ಸೆಕೆಂಡು ಮುಚ್ಚಿದಾಗ ಒಳಗಿನ ಒತ್ತಡ ಇಳಿದು ಕುದುರೆ ಗಂಟಲನ್ನು ಬಲವಾಗಿ ತೆರೆಯಲು ಯತ್ನಿಸುತ್ತದೆ. ಓಟದ ಒತ್ತಡಕ್ಕೆ ನಿಂತಲ್ಲಿ ಸಿಗುವ ಅತ್ಯಂತ ಸಮೀಪದ ಅನುಕರಣೆ ಇದು. ಕೈ ಬಿಟ್ಟ ಮೇಲಿನ ಮೊದಲ ಆಳವಾದ ಉಸಿರನ್ನೂ ತಪ್ಪದೆ ನೋಡಿ. ಎಳೆಯ ಕುದುರೆಗಳು ಇದನ್ನು ಸಹಿಸುವುದು ಕಷ್ಟ. ಕುದುರೆ ಗಾಬರಿಗೊಳ್ಳುವ ಮೊದಲೇ ಕೈ ತೆಗೆಯುವುದು ಒಳ್ಳೆಯದು, ಏಕೆಂದರೆ ಒಮ್ಮೆ ಹೆದರಿದ ಕುದುರೆ ಮುಂದೆ ಯಾರಿಗೂ ಮೂಗು ಮುಟ್ಟಲು ಬಿಡುವುದಿಲ್ಲ. ಭುಜದ ಹಿಂದೆ ಎದೆಯ ಮೇಲೆ ತಟ್ಟಿ ಎದುರು ಬದಿಯ ಅರಿಟಿನಾಯ್ಡ್ ಮಿಡಿಯುತ್ತದೆಯೇ ಎಂದು ನೋಡುವ ಹಳೆಯ ವಿಧಾನವೂ ಉಂಟು. ಅದರ ಫಲಿತಾಂಶವನ್ನು ಮಾತ್ರ ನಂಬಿ ಏನನ್ನೂ ನಿರ್ಧರಿಸಬಾರದು.

ದರ್ಜೆಗಳ ಅರ್ಥ

ಇಂದು ಬಹಳ ಕಡೆ ಬಳಕೆಯಲ್ಲಿರುವುದು ಕುದುರೆಗಳ ಗಂಟಲಿನ ಈ ರೋಗದ ಕುರಿತು ನಡೆದ 2003ರ ಹ್ಯಾವ್‌ಮೇಯರ್ ಕಾರ್ಯಾಗಾರದಲ್ಲಿ ಒಪ್ಪಿತವಾದ 4 ದರ್ಜೆಗಳ ಕ್ರಮ. ದರ್ಜೆ 1ರಲ್ಲಿ ಎರಡೂ ಬದಿಗಳ ಚಲನೆ ಎಲ್ಲ ಹೊತ್ತಿನಲ್ಲೂ ಸಮವಾಗಿ, ಏಕಕಾಲಕ್ಕೆ ನಡೆಯುತ್ತದೆ. ದರ್ಜೆ 2ರಲ್ಲಿ ಚಲನೆ ಆಗಾಗ ಹಿಂದೆಮುಂದೆ ಆಗುತ್ತದೆ ಅಥವಾ ಅಸಮವಾಗಿ ಕಾಣುತ್ತದೆ, ಆದರೆ ಪೂರ್ತಿ ತೆರೆಯುವುದೂ ತೆರೆದು ನಿಲ್ಲುವುದೂ ಸಾಧ್ಯವಾಗುತ್ತದೆ. ಇದರಲ್ಲಿ 2.1 ಎಂದರೆ ಕ್ಷಣಿಕ ನಡುಕ ಅಥವಾ ತಡ, 2.2 ಎಂದರೆ ಹೆಚ್ಚು ಹೊತ್ತು ಅಸಮತೆ ಇದ್ದರೂ ನುಂಗಿದಾಗಲೋ ಮೂಗು ಮುಚ್ಚಿದಾಗಲೋ ಪೂರ್ತಿ ತೆರೆದು ನಿಲ್ಲುವುದು. ದರ್ಜೆ 3ರಲ್ಲಿ ಪೂರ್ತಿ ತೆರೆದು ನಿಲ್ಲುವುದು ಆಗುವುದಿಲ್ಲ: 3.1ರಲ್ಲಿ ತೆರೆಯುತ್ತದೆ, ಆದರೆ ಹಾಗೆ ಉಳಿಯುವುದಿಲ್ಲ, 3.2ರಲ್ಲಿ ಪೂರ್ತಿ ತೆರೆಯುವುದೇ ಇಲ್ಲ, 3.3ರಲ್ಲಿ ಅಲ್ಪಸ್ವಲ್ಪ ಚಲನೆಯಷ್ಟೇ ಉಳಿದಿರುತ್ತದೆ. ದರ್ಜೆ 4 ಎಂದರೆ ಸಂಪೂರ್ಣ ನಿಶ್ಚಲತೆ.

ಇದರ ಜೊತೆಗೆ 5 ದರ್ಜೆಗಳ ಬೇರೊಂದು ಕ್ರಮವೂ ಚಾಲ್ತಿಯಲ್ಲಿದೆ. ಆಸ್ಟ್ರೇಲಿಯಾದ ಎಳೆಯ ಕುದುರೆಗಳ ಹರಾಜುಗಳಲ್ಲಿ ಅದು ಪರಿಚಿತ. ಹೀಗಾಗಿ ‘ದರ್ಜೆ 3’ ಎಂಬ ಬರಿಯ ಅಂಕಿ ಒಂದು ಕಡೆ ತೇರ್ಗಡೆಯಾಗಿ, ಇನ್ನೊಂದು ಕಡೆ ಗಂಭೀರ ದೋಷವಾಗಿ ಓದಿಕೊಳ್ಳಬಹುದು. ಯಾವ ಕ್ರಮದ ಅಂಕಿ ಎಂಬುದನ್ನು ಪ್ರತಿ ಬಾರಿಯೂ ಬರೆಯಿರಿ.

ಈ ಅಂಕಿಗಳು ಓಟದ ಭವಿಷ್ಯವನ್ನು ಎಷ್ಟರ ಮಟ್ಟಿಗೆ ಹೇಳುತ್ತವೆ? ಎರಡು ತುದಿಗಳಲ್ಲಿ ಚೆನ್ನಾಗಿ ಹೇಳುತ್ತವೆ. ದರ್ಜೆ 1ರ ಗಂಟಲು ಓಟದಲ್ಲೂ ಸಾಮಾನ್ಯವಾಗಿ ತೆರೆದೇ ಇರುತ್ತದೆ, ದರ್ಜೆ 4ರದ್ದು ಓಟದಲ್ಲಿ ಕುಸಿಯುತ್ತದೆ. ನಡುವಿನ ದರ್ಜೆ 3 ಮಾತ್ರ ಕಷ್ಟದ ಜಾಗ. ಅಲ್ಲಿನ ಕೆಲವು ಕುದುರೆಗಳು ಓಡುವಾಗ ಗಂಟಲನ್ನು ಸರಿಯಾಗಿ ತೆರೆದಿಟ್ಟುಕೊಳ್ಳುತ್ತವೆ, ಕೆಲವು ಕುಸಿಯುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯಲು ಟ್ರೆಡ್‌ಮಿಲ್ಲಿನ ಮೇಲೋ, ತಲೆಗೆ ಕಟ್ಟಿದ ಸ್ಕೋಪಿನೊಂದಿಗೆ ಮೈದಾನದಲ್ಲೋ ಓಡಿಸಿಯೇ ನೋಡಬೇಕು. ಆಗ ಕೊಡುವ ದರ್ಜೆಗಳು ಬೇರೆ: ಪೂರ್ತಿ ತೆರೆದರೆ ಎ, ಭಾಗಶಃ ತೆರೆದರೆ ಬಿ, ನಿಂತಾಗ ಇದ್ದುದಕ್ಕಿಂತಲೂ ಒಳಕ್ಕೆ ಕುಸಿದರೆ ಸಿ. ಆದರೆ ಸವಾರನನ್ನೇ ಹೊರದ ಒಂದು ವರ್ಷದ ಮರಿಯನ್ನು ಹಾಗೆ ಓಡಿಸಲಾಗದು, ಆದ್ದರಿಂದಲೇ ನಿಂತಲ್ಲಿನ ಪರೀಕ್ಷೆಯ ಮೇಲೆ ಇಷ್ಟೊಂದು ಭಾರ ಬೀಳುತ್ತದೆ. ಧ್ವನಿಪೆಟ್ಟಿಗೆಯ ಅಲ್ಟ್ರಾಸೌಂಡ್ ಇಂಥ ಅನುಮಾನದ ಕುದುರೆಗಳಲ್ಲಿ ನೆರವಾಗುತ್ತದೆ: ನರ ಸೊರಗಿದ ಬದಿಯ ಸ್ನಾಯು ಇನ್ನೊಂದು ಬದಿಯದಕ್ಕಿಂತ ಬೆಳ್ಳಗೆ ಕಾಣುತ್ತದೆ. 2.2 ಎಂಬ ಅಂಕಿಯನ್ನು ಕಂಡ ಕೂಡಲೇ ಬೆಲೆ ಇಳಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಪೂರ್ತಿ ತೆರೆದು ನಿಲ್ಲಬಲ್ಲ ಗಂಟಲನ್ನು ನಿಲ್ಲಲಾರದ ಗಂಟಲಿನ ಸಾಲಿಗೆ ಸೇರಿಸುವುದಕ್ಕೆ ಆಧಾರವಿಲ್ಲ.

ಇನ್ನೂ ಒಂದು ಮಾತನ್ನು ನೆನಪಿಡಬೇಕು. ಅದೇ ಕುದುರೆಯನ್ನು ಬೇರೆ ದಿನ ನೋಡಿದರೆ ದರ್ಜೆ ಒಂದು ಮೆಟ್ಟಿಲು ಆಚೀಚೆ ಆಗುವುದುಂಟು. ರೋಗವೂ ತಿಂಗಳುಗಳಲ್ಲಿ, ವರ್ಷಗಳಲ್ಲಿ ಮುಂದುವರಿಯಬಲ್ಲದು. ಹಾಗಾಗಿ ದಿನಾಂಕವಿಲ್ಲದ ದರ್ಜೆಗೆ ಬೆಲೆಯಿಲ್ಲ.

ಎಡ ಅರಿಟಿನಾಯ್ಡಿನ ಆಚೆಗೆ

ಎಡಬದಿಯನ್ನೇ ನೋಡುತ್ತಾ ಉಳಿದದ್ದನ್ನು ಮರೆಯುವುದು ಸಾಮಾನ್ಯ. ಎಪಿಗ್ಲಾಟಿಸ್ ಸಹಜವಾಗಿದ್ದರೆ ಅದರ ಅಂಚು ಸಣ್ಣ ಸಣ್ಣ ಹಲ್ಲುಗಳಂತೆ ಕೊರೆದಿರುತ್ತದೆ, ಮೇಲ್ಮೈಯಲ್ಲಿ ರಕ್ತನಾಳಗಳು ಕವಲೊಡೆದು ಹರಡಿರುತ್ತವೆ. ತ್ರಿಕೋನದ ಆಕಾರ ಇದ್ದೂ ಅಂಚಿನ ಹಲ್ಲುಗಳು ಮತ್ತು ಕವಲುಗಳು ಮರೆಯಾಗಿದ್ದರೆ ಕೆಳಗಿನ ಪೊರೆ ಅದನ್ನು ಚೀಲದಂತೆ ಮುಚ್ಚಿಕೊಂಡಿದೆ ಎಂದರ್ಥ. ಇದು ಎಪಿಗ್ಲಾಟಿಸ್ ಎಂಟ್ರಾಪ್‌ಮೆಂಟ್. ಎಪಿಗ್ಲಾಟಿಸ್ ಇಡಿಯಾಗಿ ಕಣ್ಮರೆಯಾಗಿ ಅದರ ಜಾಗದಲ್ಲಿ ನಯವಾದ ಅಂಗಾಂಶ ಅಡ್ಡಲಾಗಿ ಕಂಡರೆ ಮೃದು ಅಂಗುಳ ಅದರ ಮೇಲಕ್ಕೆ ಜಾರಿದೆ. ಎಳೆಯ ಕುದುರೆಗಳಲ್ಲಿ ಸ್ಕೋಪಿನ ಕಿರಿಕಿರಿಗೇ ಅಂಗುಳ ಹೀಗೆ ಜಾರುತ್ತದೆ. ಒಂದೆರಡು ಸಲ ನುಂಗಿ ಅದು ಸ್ವಸ್ಥಾನಕ್ಕೆ ಮರಳಿದರೆ ಅದಕ್ಕೆ ಹೆಚ್ಚು ಮಹತ್ವ ಕೊಡಬೇಕಿಲ್ಲ, ಏಕೆಂದರೆ ನಿಂತಾಗ ಜಾರುವ ಅಂಗುಳ ಓಟದಲ್ಲೂ ಜಾರುತ್ತದೆ ಎನ್ನಲು ಬರುವುದಿಲ್ಲ. ಮರಳದೆ ಹಾಗೆಯೇ ಉಳಿದರೆ, ಅಥವಾ ಅಂಗುಳದ ಹಿಂದಿನ ಅಂಚಿನಲ್ಲಿ ಹುಣ್ಣಿದ್ದರೆ, ಅದನ್ನು ಎದ್ದುಕಾಣುವಂತೆ ಬರೆಯಬೇಕು. ಎಪಿಗ್ಲಾಟಿಸಿನ ಕೆಳಗೆ ಅಡಗಿರುವ ನೀರ್ಗುಳ್ಳೆ ನುಂಗುವಾಗ ಮಾತ್ರ ಮೇಲೆದ್ದು ಕಾಣಿಸುವುದುಂಟು. ಮರಿಯಾಗಿದ್ದಾಗ ಮೂಗಿನಿಂದ ಹಾಲು ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ಸೀಳಂಗುಳವನ್ನೂ ಈ ಗುಳ್ಳೆಯನ್ನೂ ಹುಡುಕಿಯೇ ನೋಡಿ.

ಅರಿಟಿನಾಯ್ಡ್ ಚಲಿಸದಿರುವುದಕ್ಕೆ ನರವೊಂದೇ ಕಾರಣವಲ್ಲ. ಮೃದ್ವಸ್ಥಿಯೇ ದಪ್ಪಗಾಗಿ, ಆಕಾರ ಕೆಟ್ಟು, ಒಳಮೈಯಲ್ಲಿ ಗಂಟು ಅಥವಾ ಹುಣ್ಣು ಇದ್ದು, ಎದುರಿನ ಬದಿಯಲ್ಲಿ ಅದು ತಾಗಿದ ಗುರುತು ಕಂಡರೆ ಅದು ಕಾಂಡ್ರೈಟಿಸ್. ಇದರ ಚಿಕಿತ್ಸೆಯೂ ಬೇರೆ, ಮುನ್ಸೂಚನೆಯೂ ಬೇರೆ. ದೋಷ ಬಲಗಡೆಗೆ ಕಂಡರೆ ಇನ್ನಷ್ಟು ಎಚ್ಚರ ಬೇಕು. ಹುಟ್ಟಿನಿಂದಲೇ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಸರಿಯಾಗಿ ಬೆಳೆಯದ, ನಾಲ್ಕನೆಯ ಬ್ರಾಂಕಿಯಲ್ ಕಮಾನಿನ ದೋಷ ಬಲಗಡೆಗೇ ಹೆಚ್ಚು. ಅದರಲ್ಲಿ ಅರಿಟಿನಾಯ್ಡ್‌ಗಳ ಮೇಲ್ತುದಿಯನ್ನು ಹಿಂದಿನ ಅಂಗಾಂಶದ ಮಡಿಕೆಯೊಂದು ಮುಂದಕ್ಕೆ ಬಂದು ಮುಚ್ಚಿರುತ್ತದೆ, ಹೊರಗಿನಿಂದ ಮುಟ್ಟಿದಾಗ ಎರಡು ಮೃದ್ವಸ್ಥಿಗಳ ನಡುವೆ ಇರಬಾರದ ಸಂದು ಬೆರಳಿಗೆ ಸಿಗುತ್ತದೆ. ಇದಕ್ಕೆ ತೃಪ್ತಿಕರ ಶಸ್ತ್ರಚಿಕಿತ್ಸೆ ಇಲ್ಲ.

ಹಿಂದೆ ಮಾಡಿದ ಶಸ್ತ್ರಚಿಕಿತ್ಸೆಯ ಕುರುಹುಗಳನ್ನೂ ಗುರುತಿಸಲು ಕಲಿಯಿರಿ. ಟೈ-ಬ್ಯಾಕ್ ಎನ್ನುವ ಶಸ್ತ್ರಚಿಕಿತ್ಸೆಯಲ್ಲಿ ಅರಿಟಿನಾಯ್ಡನ್ನು ಹೊಲಿಗೆಯಿಂದ ಹಿಂದಕ್ಕೆ ಕಟ್ಟಿರುವುದರಿಂದ ಅದು ನುಂಗುವಾಗಲೂ ಕದಲದೆ ತೆರೆದೇ ಇರುತ್ತದೆ. ಫ್ರೆಡರಿಕ್ ಹಾಬ್ಡೇ ಹೆಸರಿನಿಂದ ಕರೆಯುವ ಶಸ್ತ್ರಚಿಕಿತ್ಸೆಯಾಗಿದ್ದರೆ ಧ್ವನಿತಂತುವಿನ ಪಕ್ಕದ ಸಣ್ಣ ಚೀಲ ಇರಬೇಕಾದ ಜಾಗದಲ್ಲಿ ಮಾಯ್ದ ಕಲೆ ಮಾತ್ರ ಇರುತ್ತದೆ.

ಗಂಟಲಕುಳಿಯ ಮೇಲ್ಛಾವಣಿಯಲ್ಲಿ ಕಾಣುವ ಚಿಕ್ಕ ಗುಳ್ಳೆಗಳ ಬಗ್ಗೆ ಮಾಲೀಕರು ಗಾಬರಿಯಿಂದ ಕೇಳುತ್ತಾರೆ. ಅವು ಎಳೆಯ ವಯಸ್ಸಿನ ಲಿಂಫ್ ಗಂಟುಗಳು. ಒಂದೆರಡು ವರ್ಷದ ಬಹುತೇಕ ಕುದುರೆಗಳಲ್ಲಿ ಇದ್ದು, ವಯಸ್ಸಾದಂತೆ ತಾವಾಗಿಯೇ ಕುಗ್ಗುತ್ತವೆ. ಗುಳ್ಳೆಗಳ ಪ್ರಮಾಣಕ್ಕೆ ಪ್ರತ್ಯೇಕವಾಗಿ ಇರುವ 1ರಿಂದ 4ರವರೆಗಿನ ದರ್ಜೆಯನ್ನು ದಾಖಲಿಸಿ ಮುಂದೆ ಹೋಗಿ.

ಶ್ವಾಸನಾಳದೊಳಗೆ ಇಣುಕಿದಾಗ ಸ್ವಲ್ಪ ಲೋಳೆ ಇದ್ದರೆ, ದೂರದ ಪ್ರಯಾಣದಲ್ಲಿ ತಲೆಯನ್ನು ಎತ್ತಿ ಕಟ್ಟಿದ್ದರ ಫಲವೂ ಆಗಿರಬಹುದು. ಹಳದಿ ಕೀವಿದ್ದರೆ ಮಾತು ಬೇರೆ. ಎರಡು ವರ್ಷದ ಕುದುರೆಯನ್ನು ಓಡಿಸಿ ತೋರಿಸುವ ಹರಾಜುಗಳಲ್ಲಿ ಓಟ ಮುಗಿದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಶ್ವಾಸನಾಳವನ್ನು ನೋಡಿ, ಶ್ವಾಸಕೋಶದಿಂದ ರಕ್ತ ಬಂದಿದೆಯೇ ಎಂದು 0ಯಿಂದ 4ರವರೆಗೆ ಅಳೆಯುತ್ತಾರೆ.

ಸೋಂಕು ಹರಡದಂತೆ

ಹರಾಜಿನ ಆವರಣದಲ್ಲಿ ಒಂದೇ ಕೊಳವೆ ಬೇರೆ ಬೇರೆ ಊರುಗಳಿಂದ ಬಂದ ಕುದುರೆಗಳ ಮೂಗಿಗೆ ಸಾಲಾಗಿ ಹೋಗುತ್ತದೆ. ಗಂಟಲ ಸುತ್ತ ಕೀವುಗಂಟು ತರುವ ಸ್ಟ್ರಾಂಗಲ್ಸ್ ಎಂಬ ಅಂಟುರೋಗದ ಸ್ಟ್ರೆಪ್ಟೊಕಾಕಸ್ ಈಕ್ವೈ ಬ್ಯಾಕ್ಟೀರಿಯಾ ಯಾವ ಲಕ್ಷಣವನ್ನೂ ತೋರದ ಕುದುರೆಯ ಗಟರಲ್ ಪೌಚಿನಲ್ಲಿ (ಗಂಟಲಕುಳಿಗೆ ತೆರೆಯುವ ಗಾಳಿಚೀಲದಲ್ಲಿ) ತಿಂಗಳುಗಟ್ಟಲೆ ಅಡಗಿರಬಲ್ಲದು. ಆದ್ದರಿಂದ ಪ್ರತಿ ಕುದುರೆಯ ನಂತರವೂ ಕೊಳವೆಯ ಹೊರಮೈಯನ್ನು ಒರೆಸಿ, ಒಳನಾಳಕ್ಕೆ ಮಾರ್ಜಕ ಹಾಯಿಸಿ, ತಯಾರಕರು ಹೇಳಿದಷ್ಟು ಹೊತ್ತು ಸೋಂಕುನಿವಾರಕದಲ್ಲಿ ಮುಳುಗಿಸಿಟ್ಟು, ಶುದ್ಧ ನೀರಿನಿಂದ ಧಾರಾಳವಾಗಿ ತೊಳೆಯಬೇಕು. ಕೊನೆಯ ತೊಳೆತ ಸಾಲದೆ ಸೋಂಕುನಿವಾರಕವಾದ ಗ್ಲುಟರಾಲ್ಡಿಹೈಡ್ ಉಳಿದುಬಿಟ್ಟರೆ ಮುಂದಿನ ಕುದುರೆಯ ಗಂಟಲು ಉರಿದು ಕೆಂಪಾಗುತ್ತದೆ. ಇಷ್ಟು ಸಮಯ ಸಿಗಬೇಕಾದರೆ ಎರಡು ಸ್ಕೋಪ್‌ಗಳಾದರೂ ಇರಬೇಕು. ಗಟರಲ್ ಪೌಚಿನ ಬಾಯಿಯಿಂದ ಕೀವು ಇಳಿಯುತ್ತಿರುವುದು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಆ ಸ್ಕೋಪನ್ನು ಪಕ್ಕಕ್ಕಿರಿಸಿ, ಕುದುರೆಯನ್ನು ಪ್ರತ್ಯೇಕಿಸುವಂತೆ ಕೂಡಲೇ ತಿಳಿಸಿ.

ವರದಿ

ವರದಿಯನ್ನು ಕಂಡ ಕ್ರಮದಲ್ಲೇ ಬರೆಯುವುದು ಒಳ್ಳೆಯದು. ಒಂದು ಮಾದರಿ ಹೀಗಿರಬಹುದು: “ಶಮನಕಾರಿ ಕೊಟ್ಟಿಲ್ಲ, ಟ್ವಿಚ್ ಬಳಸಲಾಗಿದೆ. ಬಲ ಹೊಳ್ಳೆಯಿಂದ ಪರೀಕ್ಷೆ. ವಿಶ್ರಾಂತಿಯಲ್ಲಿ ಎಡ ಅರಿಟಿನಾಯ್ಡ್ ಬಲಗಡೆಯದಕ್ಕಿಂತ ಒಳಗೆ ನಿಂತಿದೆ, ಚಲನೆ ತಡವಾಗಿದೆ. ನಾಲ್ಕು ಬಾರಿ ನುಂಗಿಸಲಾಯಿತು. ನಾಲ್ಕು ಬಾರಿಯೂ ಎಡಬದಿ ಪೂರ್ತಿ ತೆರೆದು, ಬಲಬದಿ ಸಡಿಲಗೊಳ್ಳುವವರೆಗೆ ಹಾಗೆಯೇ ನಿಂತಿದೆ. ಮೂಗು ಮುಚ್ಚಿದಾಗಲೂ ಅದೇ ಫಲಿತಾಂಶ. ಎಪಿಗ್ಲಾಟಿಸಿನ ಅಂಚು ಮತ್ತು ರಕ್ತನಾಳಗಳು ಸ್ಪಷ್ಟ. ಅಂಗುಳ ಒಮ್ಮೆ ಜಾರಿ, ಒಂದು ನುಂಗುವಿಕೆಯಲ್ಲಿ ಮರಳಿದೆ. ಹ್ಯಾವ್‌ಮೇಯರ್ ದರ್ಜೆ 2.2.” ಅಂಕಿಯನ್ನು ಕೊನೆಗೆ ಬರೆಯುವುದರಿಂದ ಅದು ಯಾವ ಆಧಾರದ ಮೇಲೆ ಬಂತು ಎಂಬುದು ಓದುವವರಿಗೆ ಮೊದಲೇ ತಿಳಿದಿರುತ್ತದೆ. ಸರಿಯಾಗಿ ನುಂಗಿಸಲಾಗದಿದ್ದರೆ ‘ಪೂರ್ತಿ ತೆರೆದ ಸ್ಥಿತಿಯನ್ನು ನೋಡಲಾಗಲಿಲ್ಲ’ ಎಂದು ಬರೆಯಿರಿ; ಅದನ್ನು ‘ಪೂರ್ತಿ ತೆರೆಯುವುದಿಲ್ಲ’ ಎಂದು ಬರೆದರೆ ಕುದುರೆಯ ಮೇಲೆ ಇಲ್ಲದ ಕಳಂಕ ಕೂರುತ್ತದೆ.

ಪರೀಕ್ಷೆಯನ್ನು ವಿಡಿಯೊದಲ್ಲಿ ಮುದ್ರಿಸಿಕೊಳ್ಳಿ. ಆರಂಭದಲ್ಲಿ ಕುದುರೆಯ ಗುರುತು ಮತ್ತು ದಿನಾಂಕ ಇರಲಿ, ನುಂಗುವಿಕೆಗಳೂ ಮೂಗು ಮುಚ್ಚಿದ ಭಾಗವೂ ಕತ್ತರಿಸದೆ ಉಳಿಯಲಿ. ಅಂದವಾಗಿ ತೆರೆದ ಒಂದೆರಡು ಗಳಿಗೆಗಳನ್ನು ಮಾತ್ರ ಆಯ್ದು ಜೋಡಿಸಿದ ವಿಡಿಯೊ ಖರೀದಿದಾರರ ಕಣ್ಣು ಕಟ್ಟುವ ಕೆಲಸವಾಗುತ್ತದೆ, ಅದನ್ನು ಯಾರು ಕೇಳಿದರೂ ಮಾಡಿಕೊಡಬಾರದು.

ಮಾರುವವರಿಗೂ ಕೊಳ್ಳುವವರಿಗೂ ಏಕಕಾಲಕ್ಕೆ ಕೆಲಸ ಮಾಡಲು ಬರುವುದಿಲ್ಲ. ಯಾರ ಪರವಾಗಿ ಪರೀಕ್ಷಿಸುತ್ತಿದ್ದೀರಿ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ. ಆ ಕುದುರೆಯನ್ನು ನೀವು ಮೊದಲೇ ನೋಡಿದ್ದರೆ ಅಥವಾ ಅದಕ್ಕೆ ಚಿಕಿತ್ಸೆ ಕೊಟ್ಟಿದ್ದರೆ ಆ ವಿಷಯವನ್ನು ಹೇಳಿ. ಖರೀದಿದಾರರು ‘ಈ ಕುದುರೆ ಗೆಲ್ಲುತ್ತದೆಯೇ’ ಎಂದು ಕೇಳಿದಾಗ ಗಂಟಲಿನ ಸ್ಥಿತಿ ಮತ್ತು ಆ ದರ್ಜೆಗೆ ಸೇರಿದ ಅಪಾಯ ಇವೆರಡನ್ನೇ ವಿವರಿಸಿ. ಗೆಲುವಿನ ಮಾತು ಈ ಪರೀಕ್ಷೆಯ ವ್ಯಾಪ್ತಿಯಲ್ಲಿಲ್ಲ.

ಮಾರಾಟದ ನಂತರ ಕೊಂಡವರ ವೈದ್ಯರು ಮತ್ತೆ ಸ್ಕೋಪ್ ಮಾಡಿ ಬೇರೆ ದರ್ಜೆ ಕೊಡುವ ಸಂದರ್ಭಗಳು ಬರುತ್ತವೆ. ಕುದುರೆಯನ್ನು ಮರಳಿಸಲು ಎಷ್ಟು ಗಂಟೆಗಳ ಅವಕಾಶ, ಯಾವ ದರ್ಜೆಯಿಂದ ಮೇಲೆ ಮಾರಾಟ ರದ್ದಾಗುತ್ತದೆ, ವಿವಾದವನ್ನು ಯಾರು ಬಗೆಹರಿಸುತ್ತಾರೆ ಎಂಬುದು ಒಂದೊಂದು ಹರಾಜು ಸಂಸ್ಥೆಯ ನಿಯಮಾವಳಿಯಲ್ಲಿ ಒಂದೊಂದು ರೀತಿ ಇರುತ್ತದೆ. ಆ ಪುಟವನ್ನು ಹರಾಜಿಗೆ ಮುಂಚೆಯೇ ಓದಿಟ್ಟುಕೊಳ್ಳಬೇಕು. ಭಿನ್ನಾಭಿಪ್ರಾಯ ಬಂದಾಗ ಕುದುರೆಗೆ ಕೆಲ ಹೊತ್ತು ವಿಶ್ರಾಂತಿ ಕೊಟ್ಟು, ಇಬ್ಬರು ವೈದ್ಯರೂ ಒಂದೇ ಪರದೆಯ ಮುಂದೆ ನಿಂತು, ಅದೇ ಹೊಳ್ಳೆಯಿಂದ, ಔಷಧಿಯಿಲ್ಲದೆ, ಮತ್ತೆ ನುಂಗಿಸಿ ನೋಡಬೇಕು. ಎರಡೂ ಬಾರಿಯ ವಿಡಿಯೊಗಳನ್ನು ಮರಳಿಸುವ ಅವಧಿ ಮುಗಿದು ಎಲ್ಲ ತಕರಾರೂ ಇತ್ಯರ್ಥವಾಗುವವರೆಗೆ ಅಳಿಸದೆ ಇಟ್ಟಿರಬೇಕು.